ಬಲಿಪೂಜೆಗೆ ಹೋಗುತ್ತಿದ್ದ ಪ್ರೊಫೆಸರ್

ರೆನೆ ಜಿರಾರ್ ಅವರ ಹೆಸರು ನಮ್ಮಲ್ಲಿ ಕಾಣಿಸಿಕೊಳ್ಳುವುದು ವಿಮರ್ಶೆಯ ಲೇಖನಗಳಲ್ಲಿ, ಅದೂ ಅಲ್ಲೊಂದು ಇಲ್ಲೊಂದು ಕಡೆ. ‘ಅನುಕರಣೆಯ ಆಸೆ’, ‘ಬಲಿಪಶು’ ಎಂಬ ಎರಡು ಮಾತುಗಳನ್ನು ಅವರಿಂದ ಕಡ ತಂದು ಉಳಿದದ್ದನ್ನು ಅಲ್ಲೇ ಬಿಟ್ಟುಬರುವುದು ರೂಢಿ. ಹಾಗೆ ಬಿಟ್ಟುಬಂದದ್ದರಲ್ಲಿ ಅವರ ಧರ್ಮಶ್ರದ್ಧೆಯೂ ಒಂದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫ್ರೆಂಚ್ ಪ್ರಾಧ್ಯಾಪಕರಾಗಿ 1995ರಲ್ಲಿ ನಿವೃತ್ತರಾದ ಇವರು ಪಕ್ಕದ ಪಾಲೊ ಆಲ್ಟೊ ಊರಿನ ಚರ್ಚಿನಲ್ಲಿ ಗ್ರೆಗೋರಿಯನ್ ಗಾಯನದೊಂದಿಗೆ ನಡೆಯುವ ಪೂಜೆಗೆ ಹೋಗುತ್ತಿದ್ದರು. ವಿದ್ವತ್ತು ಬೇರೆ, ಚರ್ಚು ಬೇರೆ ಎಂದು ಅವರ ಕೆಲವು ಅಭಿಮಾನಿಗಳೇ ಸಮಾಧಾನ ಹೇಳಿಕೊಳ್ಳುತ್ತಾರೆ. ನಾನು ಕ್ರೈಸ್ತನಲ್ಲ, ಫ್ರೆಂಚೂ ಬಾರದು, ಅವರನ್ನು ಓದಿದ್ದು ಇಂಗ್ಲಿಷ್ ಅನುವಾದಗಳಲ್ಲಿ. ಆದರೂ ಈ ಸಮಾಧಾನ ನನಗೆ ಒಗ್ಗುವುದಿಲ್ಲ.

ಅವರು ಹುಟ್ಟಿದ್ದು 1923ರ ಡಿಸೆಂಬರ್ 25ರಂದು, ಹದಿನಾಲ್ಕನೆಯ ಶತಮಾನದಲ್ಲಿ ಪೋಪರು ನೆಲೆಸಿದ್ದ ಆವಿನ್ಯೋಂ ನಗರದಲ್ಲಿ. ತಂದೆ ಆ ಪೋಪರ ಅರಮನೆಯನ್ನೇ ನೋಡಿಕೊಳ್ಳುತ್ತಿದ್ದ ವಿದ್ವಾಂಸ. ಆದರೆ ಅವರಿಗೆ ಪಾದ್ರಿಗಳೆಂದರೆ ಆಗುತ್ತಿರಲಿಲ್ಲ. ತಾಯಿ ಭಕ್ತೆ. ಮಗ ಬೆಳೆಯುತ್ತ ಚರ್ಚನ್ನು ಬಿಟ್ಟ. ಪ್ಯಾರಿಸ್ಸಿನಲ್ಲಿ ಹಳೆಯ ಹಸ್ತಪ್ರತಿಗಳ ಶಾಸ್ತ್ರ ಕಲಿತು 1947ರಲ್ಲಿ ಅಮೆರಿಕಕ್ಕೆ ಹೋದ ಇವರು ಇಂಡಿಯಾನಾದಲ್ಲಿ ಡಾಕ್ಟರೇಟ್ ಪಡೆದದ್ದು ಇತಿಹಾಸದಲ್ಲಿ. ಫ್ರೆಂಚ್ ಕಾದಂಬರಿಗಳು ಕೊರಳಿಗೆ ಬಿದ್ದದ್ದು ಫ್ರೆಂಚಿನವರೆಂಬ ಒಂದೇ ಕಾರಣಕ್ಕೆ! ಎಷ್ಟೋ ಪುಸ್ತಕಗಳನ್ನು ವಿದ್ಯಾರ್ಥಿಗಳಿಗಿಂತ ಕೆಲವು ಪುಟ ಮುಂದಾಗಿ ಓದಿಕೊಂಡು ಪಾಠ ಹೇಳಿದ್ದನ್ನು ಅವರೇ ನಗುತ್ತ ಹೇಳಿಕೊಂಡಿದ್ದಾರೆ.

ಆ ಕಾದಂಬರಿಗಳೇ ಅವರನ್ನು ಹಿಡಿದವು. ಡಾನ್ ಕ್ವಿಕ್ಸೋಟ್ ಬಯಸುವುದು ತಾನು ಓದಿದ ವೀರರು ಬಯಸಿದ್ದನ್ನು, ಎಮ್ಮಾ ಬೋವರಿ ಬಯಸುವುದು ಕಥೆಯ ನಾಯಕಿಯರು ಬಯಸಿದ್ದನ್ನು. ನಮ್ಮ ಆಸೆ ನಮ್ಮದಲ್ಲ, ಇನ್ನೊಬ್ಬನನ್ನು ನೋಡಿ ಹುಟ್ಟಿದ್ದು. ಆ ಇನ್ನೊಬ್ಬನೇ ಕಡೆಗೆ ಎದುರಾಳಿಯೂ ಆಗುತ್ತಾನೆ. 1961ರಲ್ಲಿ ಬಂದ ಅವರ ಮೊದಲ ಪುಸ್ತಕದ ಸಾರ ಇದು. ಕಾದಂಬರಿಕಾರರ ಬಣ್ಣ ಬಯಲು ಮಾಡುವ ಹುಮ್ಮಸ್ಸಿನಲ್ಲೇ ಅವರು ಅದನ್ನು ಬರೆಯಲು ಹೊರಟದ್ದು. ಕೊನೆಯ ಅಧ್ಯಾಯಕ್ಕೆ ಬಂದಾಗ ಬೇರೆಯೇ ಒಂದು ಕಂಡಿತು. ಕ್ವಿಕ್ಸೋಟ್ ಮರಣಶಯ್ಯೆಯಲ್ಲಿ ತನ್ನ ಭ್ರಮೆಯನ್ನು ಬಿಡುತ್ತಾನೆ, ರಾಸ್ಕೋಲ್ನಿಕೋವ್ ಸೈಬೀರಿಯಾದಲ್ಲಿ ಮೆತ್ತಗಾಗುತ್ತಾನೆ. ‘ಎಲ್ಲರಂತೆ ನಾನೂ’ ಎಂದು ಒಪ್ಪಿಕೊಳ್ಳದೆ ಬರೆದವನಿಗೆ ಇಂಥ ಕೊನೆ ಬರೆಯಲಾಗದು ಎಂದು ಅವರಿಗೆ ತೋರಿತು. ಬಣ್ಣ ಬಯಲಾದದ್ದು ವಿಮರ್ಶಕನದೇ.

ಆಗ ಅವರು ಬಾಲ್ಟಿಮೋರಿಗೂ ಫಿಲಡೆಲ್ಫಿಯಾದ ಹತ್ತಿರದ ಬ್ರಿನ್ ಮಾರ್ ಕಾಲೇಜಿಗೂ ರೈಲಿನಲ್ಲಿ ಓಡಾಡುತ್ತಿದ್ದರು. 1959ರಲ್ಲಿ ಹಣೆಯ ಮೇಲಿನ ಸಣ್ಣ ಗಂಟೊಂದನ್ನು ವೈದ್ಯರು ಕ್ಯಾನ್ಸರ್ ಎಂದರು. ಅಲ್ಲಿಯವರೆಗೆ ಬುದ್ಧಿಯ ಸುಖವಾಗಿದ್ದ ಹೊಸ ನಂಬಿಕೆ ಈಗ ಮೈಗೇ ತಾಗಿತು. ಈಸ್ಟರಿಗೆ ಮುಂಚಿನ ಬುಧವಾರ, ಅಪಾಯವಿಲ್ಲವೆಂದು ತಿಳಿಯಿತು. ಭಯ ಹೋದ ಮೇಲೆ ದೇವರನ್ನೂ ಮರೆಯುವುದು ಲೋಕರೂಢಿ. ಇವರು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದರು, ಚರ್ಚಿನ ಒಳಗೇ ಉಳಿದರು.

ಮುಂದೆ ಅವರು ಪುರಾಣಗಳಿಗೂ ಬಲಿಗೂ ಕೈಹಾಕಿದರು. ಪೈಪೋಟಿಯಲ್ಲಿ ಒಡೆದುಹೋಗುತ್ತಿರುವ ಗುಂಪು ಯಾರೋ ಒಬ್ಬನ ಮೇಲೆ ತಪ್ಪು ಹೊರಿಸಿ, ಅವನನ್ನು ಕೊಂದು, ಮತ್ತೆ ಒಂದಾಗುತ್ತದೆ. ಆಮೇಲೆ ಸತ್ತವನನ್ನೇ ದೇವರೆನ್ನುತ್ತದೆ. ಪುರಾಣ ಇದನ್ನು ಕೊಂದವರ ಬಾಯಿಂದ ಹೇಳುತ್ತದೆ, ಸುವಾರ್ತೆಗಳು ಸತ್ತವನ ಕಡೆಯಿಂದ ಹೇಳುತ್ತವೆ ಎಂಬುದು ಅವರ ವಾದ. ಇಲ್ಲಿ ಒಂದು ತೊಡಕು ಬಂತು. 1978ರ ಪುಸ್ತಕದಲ್ಲಿ ಅವರು ಕ್ರಿಸ್ತನ ಮರಣವನ್ನು ‘ಸ್ಯಾಕ್ರಿಫೈಸ್’ ಎನ್ನಲು ಒಪ್ಪಲಿಲ್ಲ. ಸೊಲೊಮೋನನ ನ್ಯಾಯದ ಕಥೆಯಲ್ಲಿ ಮಗುವನ್ನು ಕಡಿಯಲಿ ಎಂದವಳಿಗೂ, ಅದು ಬದುಕಲೆಂದು ಬಿಟ್ಟುಕೊಟ್ಟವಳಿಗೂ ಒಂದೇ ಪದ ಹೇಗೆ ಸಲ್ಲುತ್ತದೆ? ಕನ್ನಡಿಗನಿಗೆ ಈ ಕಷ್ಟವಿಲ್ಲ. ನಮ್ಮಲ್ಲಿ ಒಂದು ಬಲಿ, ಇನ್ನೊಂದು ತ್ಯಾಗ. ಅಲ್ಲಿ ಎರಡಕ್ಕೂ ಒಂದೇ ಮಾತು. ಸ್ವಿಟ್ಜರ್ಲೆಂಡಿನ ಜೆಸ್ವಿಟ್ ಪಾದ್ರಿ ರೈಮುಂಡ್ ಶ್ವಾಗರ್ ಅವರೊಡನೆ ವರ್ಷಗಟ್ಟಲೆ ಚರ್ಚೆ ನಡೆಸಿ, ಕಡೆಗೆ ಜಿರಾರ್ ತಮ್ಮ ಹಠವನ್ನು ಬಿಟ್ಟರು. ಬಲಿಯಿಂದ ತ್ಯಾಗದವರೆಗೆ ಮನುಷ್ಯ ನಡೆದ ದೂರವನ್ನೇ ಆ ಒಂದು ಪದ ಹೊತ್ತಿದೆ, ಅದನ್ನು ಎರಡಾಗಿ ಕತ್ತರಿಸಿದರೆ ನಾವು ಶುದ್ಧರೆಂಬ ಜಂಬ ಬರುತ್ತದೆ ಎಂಬಂಥ ನಿಲುವಿಗೆ ಬಂದರು. ನಮ್ಮ ಕನ್ನಡ ಕ್ಯಾಥೊಲಿಕರು ಚರ್ಚಿನ ಆರಾಧನೆಯನ್ನು ‘ಬಲಿಪೂಜೆ’ ಎನ್ನುತ್ತಾರೆ. ಆ ಮಾತು ಮೊದಲೆಲ್ಲ ನನಗೆ ಒರಟಾಗಿ ಕೇಳುತ್ತಿತ್ತು. ಜಿರಾರರನ್ನು ಓದಿದ ಮೇಲೆ ಹಾಗೆ ಕೇಳುವುದಿಲ್ಲ.

2005ರಲ್ಲಿ ಫ್ರೆಂಚ್ ಅಕಾಡೆಮಿ ಅವರನ್ನು ಆರಿಸಿಕೊಂಡಿತು. 2015ರ ನವೆಂಬರ್ 4ರಂದು, 91ನೆಯ ವಯಸ್ಸಿನಲ್ಲಿ, ಸ್ಟ್ಯಾನ್‌ಫರ್ಡಿನ ಮನೆಯಲ್ಲಿ ತೀರಿಕೊಂಡರು.

ಸತ್ತವನ ಪರ ನಿಂತದ್ದು ಬೈಬಲ್ ಒಂದೇ ಎಂಬಂತೆ ಅವರು ಮಾತಾಡುವಾಗ ನಾನು ಅವರ ಜೊತೆ ಹೋಗಲಾರೆ. ಆದರೆ ನಿವೃತ್ತಿಯ ನಂತರ, 2002ರಲ್ಲಿ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅವರು ಉಪನ್ಯಾಸಕ್ಕೆ ಎತ್ತಿಕೊಂಡದ್ದು ನಮ್ಮ ಬ್ರಾಹ್ಮಣಗಳನ್ನು. ಸಿಲ್ವ್ಯಾಂ ಲೆವಿ 1898ರಲ್ಲಿ ಬರೆದ ಗ್ರಂಥವನ್ನು ಆಧರಿಸಿ ಪ್ರಜಾಪತಿಯ ಕಥೆಗಳನ್ನು ಓದಿದರು. ಯಜ್ಞವನ್ನು ಮೀರುವ ದಾರಿ ವೈದಿಕ ಪರಂಪರೆಯ ಒಳಗಿಂದಲೂ ತೆರೆಯುತ್ತದೆಂದು ಕೊನೆಗೆ ಒಪ್ಪಿದರು. ಎಂಬತ್ತರ ಹತ್ತಿರದಲ್ಲಿ ಇದು ಸಣ್ಣ ಹೆಜ್ಜೆಯಲ್ಲ. ಅದನ್ನು ಓದುವಾಗ ನನಗೆ ‘ಯಶೋಧರ ಚರಿತೆ’ಯ ಜನ್ನ ನೆನಪಾದ. ಅಲ್ಲಿ ತಾಯಿ ಬಲಿ ಬೇಕೆನ್ನುತ್ತಾಳೆ, ಮಗ ಕೊಲ್ಲಲಾರೆನೆನ್ನುತ್ತಾನೆ, ರಾಜಿಯಾಗಿ ಹಿಟ್ಟಿನ ಕೋಳಿ ಬರುತ್ತದೆ. ಕತ್ತಿ ಬಿದ್ದೊಡನೆ ಅದು ಕೂಗುತ್ತದೆ. ಆ ಕೂಗಿನಿಂದ ತಾಯಿಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ನವೆಯುತ್ತಾರೆ. 1209ರ ಕಾವ್ಯ ಅದು. ಪಾಲೊ ಆಲ್ಟೊದ ಆ ವೃದ್ಧರ ಮುಂದೆ ಯಾರಾದರೂ ಅದನ್ನು ಇಟ್ಟು ಒಂದು ಸಂಜೆ ಜಗಳವಾಡಬೇಕಿತ್ತು.