ಶಿರೆಯ ಖಾನ್‌ಬಾಗು

ಕ್ರಿಸ್ತಜಯಂತಿಯ ವಿರಾಮಕಾಲದಲ್ಲಿ ಮಧುಗಿರಿ, ಪಾವಗಡಗಳ ಮಿತ್ರಮಂಡಲಿಗಳು ಎರಡು ದಿನದ ವಿಹಾರಕ್ಕೆಂದು ಬೆಂಗಳೂರಿಗೆ ತೆರಳಿ ಲಾಲ್‌ಬಾಗನ್ನು ಕಂಡು ಹರ್ಷಿಸುವುದುಂಟು. ಆ ಉದ್ಯಾನಕ್ಕೆ ಮಾದರಿಯಾಯಿತೆಂದು ಹೇಳಲಾಗುವ ಖಾನ್‌ಬಾಗು ತಮ್ಮ ನೆರೆಯ ಶಿರೆಯಲ್ಲಿಯೇ ಇದ್ದಿತೆಂಬುದನ್ನು ಸ್ಮರಿಸುವವರು ವಿರಳ.

1687ರಲ್ಲಿ ಮೊಗಲರ ವಶವಾದ ಶಿರೆಯು ಅವರ ಸುಬೆಯೊಂದಕ್ಕೆ ರಾಜಧಾನಿಯಾಯಿತು. ಸುಬೇದಾರ ದಿಲಾವರಖಾನನ ಕಾಲದಲ್ಲಿ ನಗರವು ಉನ್ನತಿಯನ್ನು ಪಡೆಯಿತು. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಅವನ ಅರಮನೆಯೇ ಮೇಲ್ಪಂಕ್ತಿಯೆಂಬ ಪ್ರತೀತಿಯುಂಟು. 1761ರಲ್ಲಿ ಶಿರೆಯು ಹೈದರಾಲಿಯ ಕೈಸೇರಿತು. ಅವನ ಮಗನಾದ ಟೀಪುವು ಶ್ರೀರಂಗಪಟ್ಟಣದ ಬಳಿಯ ಗಂಜಾಮನ್ನು ಜನಭರಿತವಾಗಿಸಲು ಇಲ್ಲಿಯ 12,000 ಕುಟುಂಬಗಳನ್ನು ಬಲಾತ್ಕಾರವಾಗಿ ಸಾಗಿಸಿದನೆಂದು ಮೈಸೂರಿನ ಗೆಜೆಟಿಯರು ತಿಳಿಸುತ್ತದೆ.

ತೋಟದ ಮಾದರಿಯನ್ನು ಒಯ್ದರೆ ಮೂಲಕ್ಕೆ ಹಾನಿಯಿಲ್ಲ. ನೀರೆರೆಯುವ ಕೈಗಳನ್ನೇ ಒಯ್ದಮೇಲೆ ತೋಟವುಳಿಯುವುದೆಂತು? ದಿಲಾವರನ ಅರಮನೆಯು ಅಳಿಯಿತು. ಮೊಗಲರಿಗಿಂತ ಹಿಂದಿನದಾದ ಮಲಿಕ್ ರಿಹಾನನ ಗೋರಿಯೂ, 1696ರ ಜುಮ್ಮಾ ಮಸೀದಿಯೂ ಗತವೈಭವಕ್ಕೆ ಸಾಕ್ಷಿಗಳಾಗಿ ನಿಂತಿವೆ. ಲಾಲ್‌ಬಾಗಿನ ನೆರಳಿನಲ್ಲಿ ವಿಶ್ರಮಿಸಿದವರು ಒಮ್ಮೆ ಶಿರೆಗೂ ಹೋಗಿಬರುವುದು ಆ ನೆರಳಿನ ಋಣವನ್ನು ತೀರಿಸಿದಂತೆಯೇ ಸರಿ.