ನಾಲೆಯ ಏರಿ, ಬೆಟ್ಟದ ದಾರಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ದೀರ್ಘ ಪತ್ರ ಬಂದಿತು. ಮಂಡ್ಯ ತಾಲ್ಲೂಕಿನ ಹಳ್ಳಿಯ ಪ್ರೌಢಶಾಲೆಯಲ್ಲಿ ನನ್ನ ಬಳಿ ಸಮಾಜ ವಿಜ್ಞಾನ ಕಲಿತ ಹುಡುಗ ಈಗ ಫ್ರಾನ್ಸ್ ದೇಶದ ದಕ್ಷಿಣದಲ್ಲಿರುವ ತುಲೂಸ್ ನಗರದಲ್ಲಿ ಇಂಜಿನಿಯರ್ ಆಗಿದ್ದಾನೆ. ರಜೆಯಲ್ಲಿ ಸೈಕಲ್ ಏರಿ ಅಲ್ಲಿಯ ಪ್ರಸಿದ್ಧ ಮಿದಿ ಕಾಲುವೆಯ ದಂಡೆಯುದ್ದಕ್ಕೂ ಕಾರ್ಕಸೋನ್ ಕೋಟೆಯವರೆಗೆ ಹೋಗಿ ಬಂದನಂತೆ. ಚಿತ್ರಗಳನ್ನೂ ಕಳುಹಿಸಿದ್ದಾನೆ. ಪತ್ರದ ಕೊನೆಯಲ್ಲಿ, "ಮೇಷ್ಟ್ರೇ, ದಾರಿಯುದ್ದಕ್ಕೂ ನಮ್ಮ ವಿ.ಸಿ. ನಾಲೆಯ ಏರಿಯೇ ಕಣ್ಣ ಮುಂದೆ ಇತ್ತು. ಅದರ ಇತಿಹಾಸವನ್ನು ನೀವು ಬರೆಯಬೇಕು" ಎಂದು ಕೇಳಿದ್ದಾನೆ. ಶಿಷ್ಯನ ಮಾತನ್ನು ತೆಗೆದುಹಾಕಲಾಗದೆ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಅವನ ಕಾಲುವೆಯ ಮಾತು. ಪಿಯರ್ ಪಾಲ್ ರಿಕೆ ಎಂಬಾತ ಉಪ್ಪಿನ ತೆರಿಗೆಯನ್ನು ವಸೂಲು ಮಾಡುವ ಗುತ್ತಿಗೆದಾರ. ಹದಿನಾಲ್ಕನೆಯ ಲೂಯಿ ದೊರೆಯ ಅಪ್ಪಣೆ ಪಡೆದು 1666ರಲ್ಲಿ ಕೆಲಸಕ್ಕೆ ತೊಡಗಿದ. ತುಲೂಸಿನಿಂದ ಮೆಡಿಟರೇನಿಯನ್ ಕರಾವಳಿಯ ಹಿನ್ನೀರಿನವರೆಗೆ ಸುಮಾರು 240 ಕಿಲೋಮೀಟರ್ ಉದ್ದದ ದೋಣಿಗಾಲುವೆ ಅದು. ಎತ್ತರದ ಸ್ಥಳದಲ್ಲಿ ಕಾಲುವೆಗೆ ನೀರು ಎಲ್ಲಿಂದ ತರುವುದೆಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ರಿಕೆ ಕಪ್ಪುಬೆಟ್ಟವೆಂದು ಹೆಸರಾದ ಪರ್ವತಸಾಲಿನ ತೊರೆಗಳನ್ನು ಕೂಡಿಸಿ, ಸೇಂಟ್ ಫೆರಿಯೋಲ್ ಎಂಬಲ್ಲಿ ಅಣೆಕಟ್ಟು ಕಟ್ಟಿ ನೀರನ್ನು ತಂದ. 1681ರಲ್ಲಿ ಕಾಲುವೆ ತೆರೆಯಿತು. ಅದನ್ನು ನೋಡಲು ಅವನಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದ. ದೋಣಿಗಳನ್ನು ಎಳೆಯುತ್ತಿದ್ದ ಕುದುರೆಗಳಿಗೆಂದು ದಂಡೆಯ ಮೇಲೆ ಮಾಡಿದ ದಾರಿಯೇ ಇಂದು ಸೈಕಲ್ ಸವಾರರ ದಾರಿಯಾಗಿದೆ. ನೆರಳಿಗೆಂದು ಬೆಳೆಸಿದ ಸುಮಾರು 42,000 ಪ್ಲೇನ್ ಮರಗಳಿಗೆ ಶಿಲೀಂಧ್ರ ರೋಗ ತಗುಲಿರುವುದು 2006ರಲ್ಲಿ ಪತ್ತೆಯಾಗಿ, ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಶಿಷ್ಯನ ಚಿತ್ರಗಳಲ್ಲಿ ಕೆಲವೆಡೆ ಬಿಸಿಲು ಬೋಳಾಗಿ ಬಿದ್ದಿರುವುದಕ್ಕೆ ಇದೇ ಕಾರಣವಿರಬೇಕು.

ಇತಿಹಾಸದ ಮೇಷ್ಟರಿಗೆ ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಚಾಳಿ ಇರುತ್ತದೆ. ರಿಕೆಯ ಕಾಲುವೆ ಮುಗಿಯುತ್ತಿದ್ದ ಕಾಲಕ್ಕೆ ನಮ್ಮ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರು (1673–1704) ಆಳುತ್ತಿದ್ದರು. ಅವರೂ ಕಾವೇರಿಗೆ ಒಡ್ಡು ಹಾಕಿಸಿ ನಾಲೆ ತೆಗೆಸಿದವರು. ಅವರ ಹೆಸರಿನ ಚಿಕ್ಕದೇವರಾಯ ಸಾಗರ ನಾಲೆ ಇಂದಿಗೂ ಹರಿಯುತ್ತಿದೆ. ಅವರಿಗೆ ನವಕೋಟಿ ನಾರಾಯಣನೆಂಬ ಬಿರುದು ಬಂದದ್ದು ತುಂಬಿದ ಬೊಕ್ಕಸದಿಂದ. ಬೊಕ್ಕಸ ತುಂಬಿದ್ದು ಕಂದಾಯದಿಂದ. ಅಲ್ಲಿ ಉಪ್ಪು ತಿಂದವರ ಹಣ, ಇಲ್ಲಿ ಹೊಲ ಉತ್ತವರ ಹಣ. ಪಠ್ಯಪುಸ್ತಕಗಳು ದೊರೆಯ ಹೆಸರನ್ನು ಹೇಳಿ ಮುಂದೆ ಸಾಗುತ್ತವೆ. ನಾನೂ ಮೂವತ್ತೈದು ವರ್ಷ ಹಾಗೆಯೇ ಪಾಠ ಮಾಡಿದೆನೆಂಬುದನ್ನು ಒಪ್ಪಿಕೊಳ್ಳಬೇಕು.

ಈಗ ನಾನಿರುವ ಅಂಜನಾಪುರದಿಂದಲೇ ಹೊರಡೋಣ. ಭಾನುವಾರ ಬೆಳಗಿನ ಜಾವ ನಮ್ಮ ಬಡಾವಣೆಯ ತರುಣರು ತಲೆಗೆ ಟೊಪ್ಪಿಗೆ ಬಿಗಿದು, ಗರಿಯಂತೆ ಹಗುರವಾದ ಸೈಕಲ್ಲುಗಳ ಮೇಲೆ ಕನಕಪುರ ರಸ್ತೆಗೆ ಇಳಿಯುತ್ತಾರೆ. ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು ದಾಟಿದರೆ ಮಳವಳ್ಳಿ. ಅವರಿಗೆದುರಾಗಿ ಕಾವೇರಿಯ ನೀರು ಕೊಳವೆಗಳಲ್ಲಿ ಬೆಂಗಳೂರಿಗೆ ಬರುತ್ತಿರುತ್ತದೆ: ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಯಂತ್ರಗಳಿಂದ ಮೇಲೆತ್ತಿಸಿಕೊಂಡು. 1974ರಿಂದ ನಡೆದಿರುವ ಈ ಏರಿಕೆಯ ಕಷ್ಟ ಏನೆಂಬುದು, ಸಂಜೆ ಮರಳಿ ಏರು ತುಳಿಯುವಾಗ ಹುಡುಗರ ಮೊಣಕಾಲುಗಳಿಗೆ ತಿಳಿಯುತ್ತದೆ.

ಈ ರಸ್ತೆ ಸೈನ್ಯಗಳ ರಸ್ತೆಯೂ ಹೌದು. ಕನಕಪುರ ಆಗ ಕಾನಕಾನಹಳ್ಳಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟಾಗ ಹಿಡಿದದ್ದು ಇದೇ ಮಾರ್ಗವನ್ನು. ಟಿಪ್ಪು ಸುಲ್ತಾನನು ದಾರಿಯ ಹಳ್ಳಿಗಳನ್ನು ಬರಿದು ಮಾಡಿಸಿ, ಮೇವನ್ನು ಸುಡಿಸಿದ್ದ. ಅರಕೆರೆಯ ಬಳಿ ಯುದ್ಧವನ್ನು ಗೆದ್ದರೂ, ಎತ್ತುಗಳು ಸತ್ತು, ಮಳೆ ಹಿಡಿದು, ಕಾರ್ನ್‌ವಾಲಿಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. 1799ರಲ್ಲಿ ಜನರಲ್ ಹ್ಯಾರಿಸ್ ಕೂಡ ಇದೇ ದಾರಿಯಲ್ಲಿ ಬಂದು ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾದಿದ.

ಮಳವಳ್ಳಿಯಿಂದ ಮಂಡ್ಯದ ಕಡೆಗೆ ತಿರುಗಿದರೆ ನಾಲೆಯ ನಾಡು. ಕೃಷ್ಣರಾಜ ಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಇಂಜಿನಿಯರ್. ನೀರನ್ನು ಒಣನಾಡಿಗೆ ಒಯ್ಯುವ ನಾಲೆ ಆದದ್ದು ಎಷ್ಟೋ ವರ್ಷಗಳ ಮೇಲೆ, ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದಾಗ. ಅಂದಿನ ವೈಸರಾಯ್ ಇರ್ವಿನ್ನರ ಹೆಸರನ್ನೇ ಅದಕ್ಕೆ ಇಟ್ಟರು. ನನ್ನ ಕಾಲದ ಮುದುಕರು 'ಇರ್ವಿನ್ ನಾಲೆ' ಎಂದೇ ಅನ್ನುತ್ತಿದ್ದರು. ವಿಶ್ವೇಶ್ವರಯ್ಯ ನಾಲೆ ಎಂಬುದು ಆಮೇಲಿನ ಹೆಸರು. ರಾಗಿ, ಜೋಳದ ಹೊಲಗಳು ಕಬ್ಬು, ಭತ್ತದ ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯವೇ ಪ್ರತ್ಯೇಕ ಜಿಲ್ಲೆ. ಒಂದು ನಾಲೆ ಒಂದು ಜಿಲ್ಲೆಯನ್ನೇ ಹೆತ್ತಿತೆಂದರೆ ಅತಿಶಯೋಕ್ತಿಯಾಗದು.

ನಾಲೆಯ ಏರಿಯ ಮೇಲೆ ಸೈಕಲ್ ತುಳಿದವನಿಗೆ ಭೂಗೋಳವು ಪುಸ್ತಕವಿಲ್ಲದೆ ತಿಳಿಯುತ್ತದೆ. ನೀರಿಗೆ ಏರಲು ಬಾರದು. ಧುಮುಕಿದರೆ ದಂಡೆ ಕೊಚ್ಚಿ ಹೋಗುತ್ತದೆ. ಆದ್ದರಿಂದ ನಾಲೆಯು ದಿಣ್ಣೆಗಳ ಸೊಂಟವನ್ನು ಬಳಸಿ, ಇಳಿದೂ ಇಳಿಯದಂತೆ ಸಾಗುತ್ತದೆ. ನಾಲ್ಕು ಮೈಲಿಯ ಊರಿಗೆ ಏಳು ಮೈಲಿ ಸುತ್ತಿದರೂ ಕಾಲು ನೋಯುವುದಿಲ್ಲ. ಆದರೆ ಹುಲಿಕೆರೆಯ ಬಳಿ ಬೆಟ್ಟ ಅಡ್ಡ ನಿಂತಿದೆ. ಅಲ್ಲಿ ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಉದ್ದದ ಸುರಂಗ ಕೊರೆದು ನಾಲೆಯನ್ನು ಆಚೆಗೆ ದಾಟಿಸಿದ್ದಾರೆ. ರಿಕೆ ತನ್ನ ಮಾಲ್ಪಾಸ್ ಸುರಂಗವನ್ನು 1679ರಲ್ಲಿ ಕೊರೆಸಿದಾಗ ಯೂರೋಪೇ ಬೆರಗಾಗಿತ್ತು. ಅದರ ಉದ್ದ ಸುಮಾರು 165 ಮೀಟರ್ ಮಾತ್ರ. ಹುಲಿಕೆರೆಯಲ್ಲಿ ಬಂಡೆ ಒಡೆದ ಕೂಲಿಗಳ ಹೆಸರು ಯಾವ ಶಿಲಾಫಲಕದಲ್ಲಿಯೂ ನನಗೆ ಕಾಣಲಿಲ್ಲ. ಸುರಂಗದ ಬಾಯಲ್ಲಿ ನೀರು ಕತ್ತಲೆಗೆ ಹೊಕ್ಕು ಹೋಗುತ್ತದೆ. ಸವಾರನು ಮಾತ್ರ ಬೆಟ್ಟವನ್ನು ಸುತ್ತಿಯೋ ಹತ್ತಿಯೋ ದಾಟಬೇಕು.

ಮೇಲುಕೋಟೆಗೆ ಹೋಗುವವರಿಗೆ ಅಲ್ಲಿಂದ ಪಾಂಡವಪುರದ ದಾರಿ. ಶಿಷ್ಯನಿಗೆ ಇದನ್ನು ವಿಶೇಷವಾಗಿ ಬರೆದು ಕಳುಹಿಸಬೇಕೆಂದಿದ್ದೇನೆ: ಪಾಂಡವಪುರದ ಹಿಂದಿನ ಹೆಸರು ಹಿರೋಡೆ, ಇಂಗ್ಲಿಷರು ಅದನ್ನು ಕರೆದದ್ದು 'ಫ್ರೆಂಚ್ ರಾಕ್ಸ್' ಎಂದು. ಹೈದರಾಲಿ ಮತ್ತು ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚ್ ಸೈನಿಕರ ಬಿಡಾರ ಅಲ್ಲಿಯ ಬಂಡೆಗಳ ಮಗ್ಗುಲಲ್ಲಿತ್ತು. ಅವರಲ್ಲಿ ದಕ್ಷಿಣ ಫ್ರಾನ್ಸಿನ ಯಾವನೋ ಒಬ್ಬ ಇದ್ದು, ಶ್ರೀರಂಗಪಟ್ಟಣದ ನಾಲೆಗಳನ್ನು ನೋಡಿ ಊರನ್ನು ನೆನೆದಿದ್ದನೋ ಏನೋ. ಇದು ನನ್ನ ಕಲ್ಪನೆ, ಪರೀಕ್ಷೆಯಲ್ಲಿ ಬರೆಯಬೇಡಿ. ಕುಂತಿಬೆಟ್ಟವನ್ನು ಹಿಂದೆ ಬಿಟ್ಟು, ತೊಣ್ಣೂರು ಕೆರೆಯ ಕಡೆಗೊಮ್ಮೆ ಹೊರಳಿ ನೋಡಿ, ಜಕ್ಕನಹಳ್ಳಿ ದಾಟಿದ ಮೇಲೆ ಮೇಲುಕೋಟೆಯ ಏರು ಆರಂಭವಾಗುತ್ತದೆ. ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು ಮೂರೂವರೆ ಸಾವಿರ ಅಡಿ. ನಾನು ಇಪ್ಪತ್ತೈದರ ವಯಸ್ಸಿನಲ್ಲಿಯೇ ಅರ್ಧ ದಾರಿ ಸೈಕಲ್ ತಳ್ಳಿದವನು. ಮೇಲೆ ಪುಳಿಯೋಗರೆ ಸಿಗುವುದೆಂಬ ಭರವಸೆಯೇ ಆಗ ಗೇರು.

ಇನ್ನು ಹೇಳಲೇಬೇಕಾದ ಒಂದು ಸಂಗತಿಯಿದೆ. ನಾನು ಶಾಲೆಗೆ ಸೇರಿದ ಹೊಸದರಲ್ಲಿ ಬಹಳ ಶಿಸ್ತಿನ ಮೇಷ್ಟ್ರು. ಪ್ರಾರ್ಥನೆ ಮುಗಿದ ಮೇಲೆ ಬಂದವರನ್ನು ಹೊರಗೆ ನಿಲ್ಲಿಸುತ್ತಿದ್ದೆ. ಗಾಡಿರಸ್ತೆ ಕೆಸರಾಗಿದ್ದ ಒಂದು ಮಳೆಗಾಲದ ಬೆಳಿಗ್ಗೆ, ಹೊತ್ತಾಗುವುದೆಂಬ ಭಯಕ್ಕೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಾಲೆಯ ಏರಿಯ ಮೇಲೆ ವೇಗವಾಗಿ ಬರುತ್ತಾ ಸೈಕಲ್ ಸಮೇತ ನೀರಿಗೆ ಜಾರಿದ. ಎತ್ತು ಮೈತೊಳೆಯುತ್ತಿದ್ದ ರೈತನೊಬ್ಬ ಧುಮುಕಿ ಎಳೆದುಕೊಂಡ. ಹುಡುಗ ಒದ್ದೆ ಬಟ್ಟೆಯಲ್ಲಿಯೇ ಶಾಲೆಗೆ ಬಂದು, ತರಗತಿಯ ಬಾಗಿಲಲ್ಲಿ ನಿಂತು, "ಲೇಟಾಯ್ತು ಸಾರ್" ಎಂದ. ಅಂದಿನಿಂದ ನಾನು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಸೈಕಲ್ ಮೂರು ದಿನದ ಮೇಲೆ ತೂಬಿನ ಬಳಿ ಸಿಕ್ಕಿತು. ತುಲೂಸಿನಿಂದ ಪತ್ರ ಬರೆದವನು ಅವನ ಸಹಪಾಠಿ. ಅವನು ಈಗಲೂ ಊರಿನಲ್ಲಿ ಕಬ್ಬು ಬೆಳೆಯುತ್ತಾನೆ.

ಇಲ್ಲಿ ಎರಡು ಕಾಲುವೆಗಳ ವ್ಯತ್ಯಾಸವಿದೆ. ರಿಕೆಯ ದಂಡೆ ಮೊದಲಿನಿಂದಲೂ ನಡೆಯುವ ದಾರಿ. ನಮ್ಮ ಏರಿ ನಾಲೆಯನ್ನು ನೋಡಿಕೊಳ್ಳುವ ನೌಕರರಿಗೆಂದು ಆದದ್ದು. ಜನ ಅದನ್ನು ದಾರಿ ಮಾಡಿಕೊಂಡರು. ಮೊದಲು ಎತ್ತಿನ ಗಾಡಿ, ಆಮೇಲೆ ಸೈಕಲ್. 2006–07ರಲ್ಲಿ ಸರ್ಕಾರ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ, ಎರಡು ಜಡೆಗಳ ಸಾಲು ಸಾಲು ಏರಿಯ ಮೇಲೆ ಬರುವುದನ್ನು ಶಾಲೆಯ ಜಗುಲಿಯಿಂದ ನೋಡುವುದೇ ಒಂದು ಸಂತೋಷವಾಗಿತ್ತು. ಆಮೇಲೆ ಡಾಂಬರು ಬಿತ್ತು, ಬಸ್ಸು ಕಾರುಗಳು ಬಂದವು. ನೀರಿನ ಮಗ್ಗುಲಿಗೆ ಗೋಡೆ ಮಾತ್ರ ಅನೇಕ ಕಡೆ ಬರಲಿಲ್ಲ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಮಂದಿ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. 2023ರ ನವೆಂಬರಿನಲ್ಲಿ ಬನಘಟ್ಟದ ಬಳಿ ಕಾರು ಬಿದ್ದು ಐವರು ಸತ್ತರು. ಇಪ್ಪತ್ತನೆಯ ಶತಮಾನದ ಮೈಸೂರಿನ ಬಗ್ಗೆ ಪಾಠ ಮಾಡುವಾಗ ನಾನು ನಾಲೆಯ ಉದ್ದ, ನೀರಾವರಿಯ ಎಕರೆ, ಕಾರ್ಖಾನೆಯ ಇಸವಿ ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದೇನೆ. ಏರಿಯ ಅಂಚಿನ ವಿಷಯ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಇರಲಿಲ್ಲ.

ನಮ್ಮ ಬಡಾವಣೆಯ ಹುಡುಗರು ಮುಂದಿನ ತಿಂಗಳು ಎರಡು ದಿನದ ಸವಾರಿಗೆ ಮೇಲುಕೋಟೆಯವರೆಗೆ ಹೋಗುವರಂತೆ. ನಿನ್ನೆ ಸಂಜೆ ಅಂಜನಾಪುರ ಕೆರೆಯ ಬಳಿ ಸಿಕ್ಕಿ ದಾರಿ ಕೇಳಿದರು. ಕಾಗದದ ಮೇಲೆ ಬರೆದು ಕೊಟ್ಟೆ: ಮಳವಳ್ಳಿಯಲ್ಲಿ ತಿಂಡಿ, ಮಂಡ್ಯದಲ್ಲಿ ತಂಗು, ಹುಲಿಕೆರೆಯಲ್ಲಿ ಇಳಿದು ಸುರಂಗದ ಬಾಯಿ ನೋಡುವುದು. ಏರಿ ಎಲ್ಲೆಲ್ಲಿ ನೀರಿನ ಕಡೆಗೆ ಬರಿದಾಗಿದೆಯೋ ಅಲ್ಲೆಲ್ಲ, ನನಗೆ ನೆನಪಿದ್ದಷ್ಟು ತಿರುವುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ.