ಮೂರು ಭಾಷೆ, ಒಂದು ವಾಕ್ಯ

ಪಿಯುಸಿಯಲ್ಲಿದ್ದಾಗ ಬರೆದ ಒಂದು ಪ್ರಬಂಧದಲ್ಲಿ ನಾನು ‘ಇದು ನಮ್ಮ ಹಳೆಯ ಮನೆ ಇದೆ’ ಎಂದು ಬರೆದಿದ್ದೆ. ಕನ್ನಡ ಮೇಷ್ಟ್ರು ಕೊನೆಯ ‘ಇದೆ’ಗೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ‘ಮರಾಠಿ ಪ್ರಭಾವ’ ಎಂದು ಬರೆದಿದ್ದರು. ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆನೇನೋ. ತರಗತಿಯಲ್ಲಿ ಎಲ್ಲರಿಗೂ ಓದಿ ತೋರಿಸಿದರು. ಅಥಣಿ ತಾಲ್ಲೂಕಿನಿಂದ ಅಷ್ಟು ದೂರ ಓದಲು ಹೋಗಿದ್ದ ನನಗೆ ಆಮೇಲೆ ಬಹಳ ದಿನ ನನ್ನ ವಾಕ್ಯಗಳ ಬಾಲದ ಮೇಲೆಯೇ ಅನುಮಾನ. ಮನೆಯಲ್ಲಿ ನಾವು ಮಾತಾಡುತ್ತಿದ್ದದ್ದೇ ಹಾಗೆ: ‘ಇದು ನಮ್ಮ ಮನಿ ಐತಿ.’ ಅದರಲ್ಲಿ ತಪ್ಪಿದೆ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಹೇಳಿದ್ದು ಸುಳ್ಳೇನಲ್ಲ. ಪುಸ್ತಕದ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂದರೆ ವಾಕ್ಯ ಮುಗಿಯಿತು. ಅದಕ್ಕೆ ಕ್ರಿಯಾಪದ ಬೇಕಿಲ್ಲ. ಹಿಂದಿಗೆ ಅಲ್ಲೊಂದು ‘ಹೈ’ ಬೇಕು, ಮರಾಠಿಗೆ ‘ಆಹೇ’, ಇಂಗ್ಲಿಷಿಗೆ ‘ಈಸ್’. ಎರಡು ನಾಮಪದಗಳನ್ನು ಸುಮ್ಮನೆ ಅಕ್ಕಪಕ್ಕ ಇಟ್ಟು ವಾಕ್ಯ ಮಾಡುವುದು ಕನ್ನಡ, ತಮಿಳು, ತೆಲುಗುಗಳ ರೂಢಿ. ವರ್ಷಗಳ ನಂತರ, ಪಿಎಚ್‌ಡಿಗೆ ಸೇರಿದ ಮೊದಲ ದಿನಗಳಲ್ಲಿ, 1971ರ ಒಂದು ಸಂಪುಟದಲ್ಲಿ ಹೆಚ್ಚುಕಡಿಮೆ ನನ್ನದೇ ವಾಕ್ಯ ಎದುರಾಯಿತು. ಕೊನೆಯಲ್ಲಿ ‘ಐತಿ’ ಸಮೇತ. ಆದರೆ ಅಲ್ಲಿ ಅದು ತಪ್ಪಾಗಿರಲಿಲ್ಲ, ಪುರಾವೆಯಾಗಿತ್ತು. ಯಾವುದಕ್ಕೆ ಪುರಾವೆ ಎಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಡಿಯಾದ ಭಾಷೆಗಳೆಲ್ಲ ಸಂಸ್ಕೃತದಿಂದ ಹುಟ್ಟಿದವು ಎಂಬ ನಂಬಿಕೆ ಬಲವಾಗಿತ್ತು. ಮದರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ, ಕ್ಯಾಂಬೆಲ್‌ನ ತೆಲುಗು ವ್ಯಾಕರಣಕ್ಕೆ ಬರೆದ ಪೀಠಿಕೆಯಲ್ಲಿ, ಅದನ್ನು ಅಲ್ಲಗಳೆದ. ತೆಲುಗು, ಕನ್ನಡ, ತಮಿಳುಗಳ ಧಾತುಗಳನ್ನು ಅಕ್ಕಪಕ್ಕದಲ್ಲಿಟ್ಟು, ಇವು ಒಂದೇ ಬಳಗದವು, ಸಂಸ್ಕೃತದಿಂದ ಬಂದವಲ್ಲ ಎಂದು ತೋರಿಸಿದ. ನಲವತ್ತು ವರ್ಷಗಳ ನಂತರ, 1856ರಲ್ಲಿ, ರಾಬರ್ಟ್ ಕಾಲ್ಡ್‌ವೆಲ್ ಆ ಬಳಗದ ತೌಲನಿಕ ವ್ಯಾಕರಣವನ್ನೇ ಬರೆದ. ‘ದ್ರಾವಿಡ’ ಎಂಬ ಹೆಸರು ಈ ಅರ್ಥದಲ್ಲಿ ನೆಲೆಯಾದದ್ದು ಆ ಪುಸ್ತಕದಿಂದ.

ಕಾಲ್ಡ್‌ವೆಲ್ ಬರೀ ಧಾತುಗಳಿಗೆ ನಿಲ್ಲಲಿಲ್ಲ, ವಾಕ್ಯದ ಕಟ್ಟಡವನ್ನೂ ನೋಡಿದ. ಕ್ರಿಯಾಪದ ಕೊನೆಗೆ ಬರುತ್ತದೆ. ‘ಮೇಲೆ’, ‘ಒಳಗೆ’ ಎನ್ನುವಂಥವು ನಾಮಪದದ ಹಿಂದೆ ನಿಲ್ಲುತ್ತವೆ. ‘ನಿನ್ನೆ ಬಂದ ಹುಡುಗ’ ಎನ್ನುವಾಗ ಹುಡುಗನ ವಿವರವೆಲ್ಲ ಮೊದಲು ಬಂದು ಹುಡುಗ ಆಮೇಲೆ ಬರುತ್ತಾನೆ. ತುರ್ಕಿಯಂಥ ಭಾಷೆಗಳಲ್ಲೂ ಇದೇ ಏರ್ಪಾಡು ಕಂಡು ಆತ ದ್ರಾವಿಡ ಭಾಷೆಗಳಿಗೂ ತಾನು ‘ಸಿಥಿಯನ್’ ಎಂದು ಕರೆದ ದೊಡ್ಡ ಗುಂಪಿಗೂ ನಂಟು ಕಟ್ಟಿದ. ವಾಕ್ಯ ಒಂದೇ ತರಹ ಇದೆ, ಹಾಗಾದರೆ ರಕ್ತಸಂಬಂಧ ಇರಬೇಕು ಎಂಬ ತರ್ಕ. ಇವತ್ತು ಆ ಸಿಥಿಯನ್ ಗುಂಪನ್ನು ಯಾರೂ ಒಪ್ಪುವುದಿಲ್ಲ. ಆದರೂ ಆತ ಕಂಡ ಸಾಮ್ಯ ಹುಸಿಯಾಗಿರಲಿಲ್ಲ.

ಅದಕ್ಕೆ ಬೇರೆ ವಿವರಣೆ ಸಿಕ್ಕಿದ್ದು ನೂರು ವರ್ಷಗಳ ನಂತರ. ಜೋಸೆಫ್ ಗ್ರೀನ್‌ಬರ್ಗ್ ಜಗತ್ತಿನ ಬೇರೆ ಬೇರೆ ಮೂಲೆಗಳಿಂದ 30 ಭಾಷೆಗಳನ್ನು ಆರಿಸಿ, ಕರ್ತೃ, ಕರ್ಮ, ಕ್ರಿಯಾಪದಗಳು ಯಾವ ಕ್ರಮದಲ್ಲಿ ಬರುತ್ತವೆ ಎಂದು ಲೆಕ್ಕ ಹಾಕಿದ. 1961ರಲ್ಲಿ ಒಂದು ಸಮ್ಮೇಳನದಲ್ಲಿ ಮಂಡಿಸಿದ ಆ ಪ್ರಬಂಧ 1963ರಲ್ಲಿ ಅಚ್ಚಾಯಿತು. ಆ ಮೂವತ್ತರಲ್ಲಿ ಕನ್ನಡವೂ ಒಂದು. ತಮಿಳಲ್ಲ, ತೆಲುಗಲ್ಲ, ಕನ್ನಡ. (ಇದನ್ನು ಓದಿದ ದಿನ ನನಗಾದ ಖುಷಿಗೆ ಯಾವ ಶಾಸ್ತ್ರೀಯ ಕಾರಣವೂ ಇರಲಿಲ್ಲ.) ಆರು ಭಾಷೆಗಳಲ್ಲಿ ಕ್ರಿಯಾಪದ ಮೊದಲು, ಹದಿಮೂರರಲ್ಲಿ ನಡುವೆ, ಹನ್ನೊಂದರಲ್ಲಿ ಕೊನೆಗೆ. ಕೊನೆಗೆ ಇಡುವವರ ಪಂಕ್ತಿಯಲ್ಲಿ ಕನ್ನಡದ ಜೊತೆ ಕೂತವರು ಹಿಂದಿ, ಜಪಾನಿ, ತುರ್ಕಿ, ಬರ್ಮೀಸ್, ಸ್ಪೇನಿನ ಬಾಸ್ಕ್, ಪೆರುವಿನ ಕೆಚುವಾ. ಇವುಗಳಿಗೆಲ್ಲ ಒಬ್ಬಳೇ ತಾಯಿ ಇರಲು ಸಾಧ್ಯವಿಲ್ಲ. ಕ್ರಿಯಾಪದವನ್ನು ಕೊನೆಗೆ ಇಡುವ ಭಾಷೆ ‘ಮೇಲೆ’, ‘ಕೆಳಗೆ’ಗಳನ್ನೂ ನಾಮಪದದ ಹಿಂದೆಯೇ ಇಡುವುದು ಬಹುಮಟ್ಟಿಗೆ ಖಚಿತ ಎಂದು ಗ್ರೀನ್‌ಬರ್ಗ್ ತೋರಿಸಿದ. ಒಂದು ತುಂಡು ಒಂದು ಕಡೆ ಕೂತರೆ ಮಿಕ್ಕವು ತಾವಾಗಿಯೇ ಅದಕ್ಕೆ ಹೊಂದಿಕೊಳ್ಳುತ್ತವೆ. ತುರ್ಕಿ ಮತ್ತು ಕನ್ನಡದ ವಾಕ್ಯಗಳು ಹೋಲುವುದಕ್ಕೆ ನೆಂಟಸ್ತಿಕೆ ಬೇಕಾಗಿಲ್ಲ.

ತುರ್ಕಿ, ಜಪಾನುಗಳ ಮಾತು ಸರಿ. ಆದರೆ ಪಕ್ಕದ ಮನೆಯ ಮರಾಠಿ? ಸಾಮ್ಯ ಕ್ರಿಯಾಪದದ ಜಾಗಕ್ಕೆ ನಿಲ್ಲುವುದಿಲ್ಲ, ಇನ್ನೂ ಸಣ್ಣ ಸಣ್ಣ ಸಂದುಗಳಿಗೆ ಇಳಿಯುತ್ತದೆ. ‘ಬರ್ತೀನಿ ಅಂತ ಹೇಳಿದ’ ಎನ್ನುವ ವಾಕ್ಯ ತೆಗೆದುಕೊಳ್ಳಿ. ಇಲ್ಲಿನ ‘ಅಂತ’, ಅಂದರೆ ‘ಎಂದು’, ‘ಎನ್ನು’ ಧಾತುವಿನಿಂದ ಬಂದದ್ದು. ಬರುತ್ತೇನೆ ಎಂಬ ಮಾತನ್ನು ‘ಅಂದು’ ಹೇಳಿದ. ಮರಾಠಿಯ ‘ಮ್ಹಣೂನ್’ ಕೂಡ ‘ಅನ್ನು’ ಎಂಬ ಅರ್ಥದ ಧಾತುವಿನಿಂದಲೇ ಆದದ್ದು. ದಿಲ್ಲಿಯ ಉರ್ದುವಿನಲ್ಲಿ ಹೇಳಿದ್ದು ಮೊದಲು ಬಂದು, ಪಾರಸಿಯಿಂದ ಬಂದ ‘ಕಿ’ ನಡುವೆ ನಿಂತು, ಏನು ಹೇಳಿದ ಎಂಬುದು ಆಮೇಲೆ ಬರುತ್ತದೆ. ಆದರೆ ನಮ್ಮ ದಖನಿ ಉರ್ದು ಮಾತಾಡುವವರು ‘ಆತೂಂ ಬೋಲ್ ಕೇ ಬೋಲ್ಯಾ’ ಎನ್ನುತ್ತಾರೆ. ಬರ್ತೀನಿ-ಅಂತ-ಹೇಳಿದ. ಶಬ್ದಗಳೆಲ್ಲ ಉತ್ತರದವು, ಜೋಡಣೆ ಪೂರ್ತಿ ಇಲ್ಲಿಯದು. ಉತ್ತರದವರು ದಖನಿಯನ್ನು ಕೆಟ್ಟ ಉರ್ದು ಎಂದು ನಗುತ್ತಾರೆ. ಆ ನಗು ನನಗೆ ಪರಿಚಿತ.

ಈ ಸಾಮ್ಯಗಳನ್ನು ಒಟ್ಟಾಗಿ ನೋಡಿ ಹೆಸರಿಟ್ಟವರು ಮರ್ರೆ ಎಮನೊ. ಮೂವತ್ತರ ದಶಕದಲ್ಲಿ ನೀಲಗಿರಿಯ ತೋಡ, ಕೋತ ಭಾಷೆಗಳ ನಡುವೆ, ಕೊಡಗಿನಲ್ಲೂ ಕೆಲಸ ಮಾಡಿದ್ದ ಅವರು 1956ರಲ್ಲಿ ಇಂಡಿಯಾವೇ ಒಂದು ಭಾಷಾವಲಯ ಎಂದು ವಾದಿಸಿ ಒಂದು ಲೇಖನ ಬರೆದರು. ಬೇರೆ ಬೇರೆ ಕುಲದ ಭಾಷೆಗಳು ಸಾವಿರಾರು ವರ್ಷ ಅಕ್ಕಪಕ್ಕ ಬದುಕಿ ಒಂದರ ಚಾಳಿ ಇನ್ನೊಂದಕ್ಕೆ ಬಂದಿದೆ ಎಂಬುದು ಅದರ ಸಾರ. ಸಂಸ್ಕೃತದ ‘ಇತಿ’ಯಲ್ಲೂ ದ್ರಾವಿಡದ ‘ಎಂದು’ವಿನ ನೆರಳಿದೆಯೇ ಎಂಬ ಚರ್ಚೆ ಆಮೇಲೆ ಬೆಳೆಯಿತು. ಹಾನ್ಸ್ ಹೆನ್ರಿಕ್ ಹಾಕ್ ಅವರಂಥವರು ಅಷ್ಟು ಹಳೆಯ ಕಾಲಕ್ಕೆ ಈ ಪ್ರಭಾವವನ್ನು ಒಯ್ಯಲಾಗದು ಎಂದು ಗಟ್ಟಿಯಾಗಿಯೇ ತಕರಾರು ತೆಗೆದರು. ಆ ಜಗಳ ಇನ್ನೂ ಮುಗಿದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 1956. ಅದೇ ವರ್ಷದ ನವೆಂಬರ್ 1ರಂದು ಭಾಷೆಗಳ ಆಧಾರದ ಮೇಲೆ ರಾಜ್ಯಗಳು ವಿಂಗಡಣೆಯಾದವು. ಅಥಣಿ ಈ ಕಡೆ ಬಂತು, ಮಿರಜ, ಜತ್ತ, ಸಾಂಗಲಿ ಆ ಕಡೆ ಉಳಿದವು. ಭಾಷೆಗಳ ನಡುವೆ ಗೆರೆ ಎಳೆಯಬಹುದೆಂದು ಸರಕಾರ ತೀರ್ಮಾನಿಸಿದ ವರ್ಷವೇ ವ್ಯಾಕರಣಕ್ಕೆ ಅಂಥ ಗೆರೆಗಳು ಕಾಣಿಸುವುದಿಲ್ಲ ಎಂದು ಒಬ್ಬ ಭಾಷಾಶಾಸ್ತ್ರಜ್ಞ ಬರೆಯುತ್ತಿದ್ದ. ಒಬ್ಬರಿಗೆ ಇನ್ನೊಬ್ಬರ ಸುಳಿವಿರಲಿಲ್ಲ ಎಂದುಕೊಳ್ಳುತ್ತೇನೆ.

ಆ ಗೆರೆಯ ಆಚೆ, ಸಾಂಗಲಿಯ ಮಗ್ಗುಲಲ್ಲೇ ಇರುವ ಊರು ಕುಪವಾಡ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಧ್ಯಯನ ಮಾಡಿದಾಗ ಅಲ್ಲಿ ಸುಮಾರು 3,000 ಜನ, ನಾಲ್ಕು ಭಾಷೆ. ಭೂಮಿ ಹೆಚ್ಚಾಗಿ ಇದ್ದದ್ದು ಕನ್ನಡ ಮಾತಾಡುವ ಜೈನರು ಮತ್ತು ಉರ್ದು ಮಾತಾಡುವ ಮುಸಲ್ಮಾನರ ಕೈಯಲ್ಲಿ. ಲಿಂಗಾಯತರದೂ ಕನ್ನಡ. ದಲಿತರದು ಮರಾಠಿ. ಹಗ್ಗ ಹೊಸೆಯುವ ಕೆಲವು ಮನೆಗಳವರದು ತೆಲುಗು. ತೆಲುಗಿನವರು ತೀರ ಕಡಿಮೆಯಿದ್ದುದರಿಂದ ಅಧ್ಯಯನ ಮುಖ್ಯವಾಗಿ ಮಿಕ್ಕ ಮೂರರ ಮೇಲೆ ನಡೆಯಿತು. ಊರಿನ ಗಂಡಸರು ಒಂದಕ್ಕಿಂತ ಹೆಚ್ಚು ಭಾಷೆ ಆಡುವವರು. ಹೊಲದಲ್ಲಿ ಆಳಿನ ಜೊತೆ ಒಂದು, ಮನೆಯಲ್ಲಿ ಇನ್ನೊಂದು. ಜೈನರು, ಮುಸಲ್ಮಾನರು ಎದುರಾದಾಗ ಮಧ್ಯಸ್ಥಿಕೆಗೆ ಮರಾಠಿ, ಏಕೆಂದರೆ ಅದು ಇಬ್ಬರಿಗೂ ಮನೆಮಾತಲ್ಲ. ಶತಮಾನಗಳಿಂದ ಹೀಗೇ ನಡೆದು ಬಂದಿತ್ತು.

ಮೂರು ಭಾಷೆಗಳು ಎಷ್ಟು ಹತ್ತಿರ ಬರಬಹುದು ಎಂಬುದನ್ನು ನಾನೇ ಕಟ್ಟಿದ ಒಂದು ವಾಕ್ಯದಿಂದ ಹೇಳುತ್ತೇನೆ. ಉರ್ದುವಿನಲ್ಲಿ ‘ಪಾನೀ ಭರ್ ಕೇ ಲೇ ಕೇ ಆಯಾ’, ಮರಾಠಿಯಲ್ಲಿ ‘ಪಾಣೀ ಭರೂನ್ ಘೇಊನ್ ಆಲೋ’, ಕನ್ನಡದಲ್ಲಿ ‘ನೀರು ತುಂಬಿ ತಗೊಂಡು ಬಂದೆ’. ತುಂಡಿಗೆ ತುಂಡು ಕೂರುತ್ತದೆ. ನಡುವಿನ ಎರಡನ್ನು ನಮ್ಮ ವ್ಯಾಕರಣ ಕೃದಂತಾವ್ಯಯ ಎನ್ನುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ‘ಆಂಡ್’ ಹುಡುಕಬೇಕು, ನೀರನ್ನು ಕ್ರಿಯಾಪದದ ಆಚೆಗೆ ಎತ್ತಿಡಬೇಕು.

ಇಷ್ಟು ಸಾಮ್ಯ ಎಲ್ಲ ಊರಿನ ಮರಾಠಿ, ಕನ್ನಡಕ್ಕೂ ಇದೆ. ಕುಪವಾಡ ಇದಕ್ಕಿಂತ ಮುಂದೆ ಹೋಗಿತ್ತು. ಪುಣೆಯ ಮರಾಠಿಯಲ್ಲಿ ಕಲ್ಲು ಪುಲ್ಲಿಂಗ, ಗೋಡೆ ಸ್ತ್ರೀಲಿಂಗ, ಮನೆ ನಪುಂಸಕ. ಕಲಿಯುವವರು ಒಂದೊಂದನ್ನೂ ಬಾಯಿಪಾಠ ಮಾಡಬೇಕು. ಕನ್ನಡದಲ್ಲಿ ಆ ತಾಪತ್ರಯ ಇಲ್ಲ. ಗಂಡಸು, ಹೆಂಗಸು ಬಿಟ್ಟರೆ ಮಿಕ್ಕದ್ದೆಲ್ಲ ‘ಅದು’. ಕುಪವಾಡದ ಮರಾಠಿ ಕನ್ನಡದ ಈ ಲೆಕ್ಕವನ್ನೇ ಹಿಡಿದಿತ್ತು. ನದಿ ಬಂತು ಎನ್ನುವಾಗ ಕ್ರಿಯಾಪದ ಸ್ತ್ರೀಲಿಂಗದಲ್ಲಿರಲಿಲ್ಲ. ಅಲ್ಲಿನ ಉರ್ದುವೂ ಅಷ್ಟೇ. ದಿಲ್ಲಿಯಲ್ಲಿ ‘ನಾನು ಪುಸ್ತಕ ಓದಿದೆ’ ಎನ್ನಲು ‘ನಾನು’ಗೆ ‘ನೇ’ ಅಂಟಿಸಿ, ಕ್ರಿಯಾಪದವನ್ನು ಪುಸ್ತಕದ ಲಿಂಗಕ್ಕೆ ಹೊಂದಿಸಬೇಕು. ಕುಪವಾಡದ ಉರ್ದು ಆ ಗೊಡವೆ ಬಿಟ್ಟು, ಕನ್ನಡದಂತೆ ಕ್ರಿಯಾಪದವನ್ನು ಓದಿದವನಿಗೇ ಹೊಂದಿಸಿತ್ತು. ಕೊಟ್ಟದ್ದು ಕನ್ನಡವೊಂದೇ ಅಲ್ಲ, ಅದು ಪಡೆದದ್ದೂ ಇತ್ತು. ಪಡೆದದ್ದರಲ್ಲಿ ಒಂದು, ನನ್ನ ಪ್ರಬಂಧದಲ್ಲಿ ಕೆಂಪು ಸುತ್ತು ಬಿದ್ದದ್ದು. ಉರ್ದುವಿಗೆ ‘ಹೈ’ ಇದೆ, ಮರಾಠಿಗೆ ‘ಆಹೇ’ ಇದೆ, ಕನ್ನಡವೂ ‘ಐತಿ’ಯನ್ನು ತಂದು ಅದೇ ಜಾಗದಲ್ಲಿ ಕೂರಿಸಿತು.

ಇಷ್ಟು ಒಂದಾದ ಮೇಲೆ ಮೂರು ಭಾಷೆ ಯಾಕೆ ಉಳಿದವು? ಒಂದೇ ಆಗಿಬಿಡಬಹುದಿತ್ತಲ್ಲ? ಗಂಪರ್ಜ್ ಮತ್ತು ವಿಲ್ಸನ್ನರ ಉತ್ತರ ನನಗೆ ಇಡೀ ಅಧ್ಯಯನದಲ್ಲಿ ಅತಿ ಮುಖ್ಯವಾದದ್ದು ಅನಿಸುತ್ತದೆ. ಊರಿನ ವ್ಯವಹಾರ ಒಟ್ಟಿಗೆ ನಡೆಯುತ್ತಿತ್ತು, ಮನೆಗಳು ಮಾತ್ರ ಬೇರೆಯಾಗಿಯೇ ಇದ್ದವು. ಮನೆಮಾತು ಎಂದರೆ ನಾವು ಜೈನರು, ನಾವು ಮುಸಲ್ಮಾನರು ಎನ್ನುವ ಗುರುತು. ಆ ಗುರುತನ್ನು ಪದಗಳು ಹೊತ್ತಿದ್ದವು. ನೀರಿಗೆ ‘ಪಾನಿ’ ಎನ್ನುವವರು ‘ನೀರು’ ಎನ್ನುವವರಿಂದ ಬೇರೆ, ಅದು ಎಲ್ಲರ ಕಿವಿಗೂ ಬೀಳುತ್ತದೆ. ವಾಕ್ಯದ ಜೋಡಣೆ ಕಿವಿಗೆ ಬೀಳುವುದಿಲ್ಲ. ಅದನ್ನು ಯಾರೂ ಕಾಯಲಿಲ್ಲ, ಅದು ಬೀದಿಯಲ್ಲಿ ಓಡಾಡಿಕೊಂಡಿತ್ತು. ಇದರಲ್ಲಿ ಸೌಹಾರ್ದದ ಕತೆ ಹುಡುಕುವವರಿಗೆ ಒಂದು ಮಾತು ಹೇಳಬೇಕು. ಭಾಷೆಗಳನ್ನು ಬೇರೆಯಾಗಿ ಉಳಿಸಿದ ಆ ಗೋಡೆ ಜಾತಿ, ಮತಗಳದ್ದೇ. ಊರಿನ ದಲಿತರು ಧಣಿಗಳ ಭಾಷೆ ಕಲಿತದ್ದು ಹವ್ಯಾಸಕ್ಕಲ್ಲ.

ಈ ಪ್ರಬಂಧ ಅಚ್ಚಾದ ಸಂಪುಟ 1968ರಲ್ಲಿ ಜಮೈಕಾದಲ್ಲಿ ನಡೆದ ಸಮ್ಮೇಳನವೊಂದರಿಂದ ಹುಟ್ಟಿದ್ದು. ಕಬ್ಬಿನ ತೋಟಗಳಿಗೆ ಗುಲಾಮರಾಗಿ ಬಂದವರ ನಡುವೆ ಹುಟ್ಟಿದ ಕ್ರಿಯೋಲ್ ಭಾಷೆಗಳ ಕುರಿತ ಚರ್ಚೆಯಲ್ಲಿ ಸಾಂಗಲಿ ಜಿಲ್ಲೆಯ ಒಂದು ಹಳ್ಳಿ! ಮುಂದೆ ಭಾಷಾಸಂಪರ್ಕದ ಪಠ್ಯಪುಸ್ತಕಗಳಲ್ಲಿ ಕುಪವಾಡದ ಹೆಸರು ಮತ್ತೆ ಮತ್ತೆ ಬಂತು. ಕನ್ನಡದಲ್ಲಿ ಮಾತ್ರ ನಾವು ಅದನ್ನು ಹೆಚ್ಚು ಮಾತಾಡಿಲ್ಲ. ನಮ್ಮ ಜಗಳಗಳೆಲ್ಲ ಪದಗಳ ಸುತ್ತ. ಹದಿಮೂರನೆಯ ಶತಮಾನದ ಆಂಡಯ್ಯ ಸಂಸ್ಕೃತದ ತತ್ಸಮ ಪದಗಳಿಲ್ಲದೆ ಕಾವ್ಯ ಬರೆದು ತೋರಿಸಿದ. ಅದನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಇಡೀ ಪುಸ್ತಕ ಬರೆದರು. ಜನ ಹೆಚ್ಚು ಕಿತ್ತಾಡಿದ್ದು ಅವರು ಮಹಾಪ್ರಾಣ ಬಿಟ್ಟದ್ದರ ಮೇಲೆ, ಹೊಸಪದಗಳ ಮೇಲೆ. ವ್ಯಾಕರಣದ ಪ್ರಶ್ನೆ ಹಾಗೇ ಉಳಿಯಿತು.

ಕುಪವಾಡ ಈಗ ಹಳ್ಳಿಯಲ್ಲ. 1998ರಿಂದ ಅದು ಸಾಂಗಲಿ–ಮಿರಜ–ಕುಪವಾಡ ಮಹಾನಗರಪಾಲಿಕೆಯ ಭಾಗ. ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಆ ಊರನ್ನು ಮತ್ತೆ ಅಧ್ಯಯನ ಮಾಡಿ, ಒಂದರ ಪದ ತೆಗೆದು ಇನ್ನೊಂದರ ಪದ ಕೂರಿಸುವಷ್ಟು ಇವು ಒಂದಾಗಿದ್ದವು ಎಂಬ ಹಳೆಯ ತೀರ್ಮಾನವನ್ನೇ ವಿಮರ್ಶೆಗೆ ಒಡ್ಡಿದ್ದಾರೆ. ಅದು ಆಗಬೇಕಾದ ಕೆಲಸವೇ. ನನಗೂ ಒಂದು ಅನುಮಾನವಿದೆ. ‘ಐತಿ’ ಸೇರಿಸುವುದು ಕುಪವಾಡದ ವಿಶೇಷ ಎಂಬಂತೆ ಅವರು ಬರೆದಿದ್ದಾರೆ. ನಾನು ಬೆಳೆದ ಊರಿನಲ್ಲೂ ಅದು ಇದೆಯಲ್ಲ. ಹಾಗಾದರೆ ಅದು ಒಂದು ಊರಿನ ಕತೆಯಲ್ಲ, ಗಡಿಯ ಎರಡೂ ಬದಿಯ ಕತೆ.

ಈ ಅನುಮಾನ ಇಟ್ಟುಕೊಂಡೇ ಹೋದ ದೀಪಾವಳಿಗೆ ಊರಿಗೆ ಹೋದಾಗ ಆಯಿಯನ್ನು ಕೇಳಿದೆ. ಅವಳ ತವರು ಮಿರಜದ ಕಡೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಬಳೆಗಾರನ ಜೊತೆ ಉರ್ದುವಿನಲ್ಲಿ, ತವರಿನವರ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡಬಲ್ಲವಳು.

‘ಆಯಿ, ನೀ ಇದು ನಮ್ಮ ಮನಿ ಅಂತೀಯೋ, ಇದು ನಮ್ಮ ಮನಿ ಐತಿ ಅಂತೀಯೋ?’

‘ಯಾರ ಕೇಳಾಕತ್ತಾರ?’

‘ಯಾರೂ ಇಲ್ಲ, ನಾನೇ ಕೇಳಾಕತ್ತೀನಿ.’

‘ನಿನಗ್ಯಾಕ ಹೇಳಬೇಕು, ಗೊತ್ತಿಲ್ಲೇನು? ಹೊರಗಿನವರು ಬಂದು ಕೇಳಿದರ ಐತಿ ಅಂತ ಹೇಳ್ತೀನಿ.’

ಅದನ್ನು ಹಾಗೆಯೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಯಾವ ಕಾಲಂನ ಕೆಳಗೆ ಸೇರಿಸಬೇಕೆಂದು ಇನ್ನೂ ತೀರ್ಮಾನಿಸಿಲ್ಲ.